ಚಂದನ ಯಾರಿಗಾಗಿ?

ಬೆಂಗಳೂರು ದೂರದರ್ಶನದ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು ಕಣ್ಣಂಚಿನಲ್ಲಿ ನೀರು ತಂದುಕೊಂಡು ಆಡುವ ಮಾತು. ಆಗ ಎಷ್ಟು ಚೆನ್ನಾಗಿತ್ತು, ಓಣಿಯವರೆಲ್ಲ ಒಂದೇ ಮನೆಯ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದೆವು, ಚಿತ್ರಮಂಜರಿ ಬರುವ ಹೊತ್ತಿಗೆ ಅಡುಗೆ ಮುಗಿಸಿಕೊಳ್ಳುತ್ತಿದ್ದೆವು, ಆಂಟೆನಾ ತಿರುಗಿಸಲು ತಮ್ಮನನ್ನು ಮಾಳಿಗೆ ಹತ್ತಿಸುತ್ತಿದ್ದೆವು, ಇತ್ಯಾದಿ. ಇನ್ನೊಂದು ಮೂಗು ಮುರಿಯುವ ಮಾತು. ಈಗ ಅದನ್ನು ಯಾರು ನೋಡುತ್ತಾರೆ, ಬರೀ ಮಂತ್ರಿಗಳ ಭಾಷಣ, ಹಳೇ ಪರದೆ, ಹಳೇ ಕುರ್ಚಿ. ಮೊದಲನೆಯದು ನಮ್ಮ ಬಾಲ್ಯದ ಹೊಗಳಿಕೆ. ಎರಡನೆಯದು ನಮ್ಮ ಈಗಿನ ರುಚಿಯ ಹೊಗಳಿಕೆ. ನಿಲಯದ ಬಗ್ಗೆ ಎರಡೂ ಏನನ್ನೂ ಹೇಳುವುದಿಲ್ಲ.

ನಮಗೆ ಬಿ.ಇಡಿ.ಯಲ್ಲಿ ಪಾಠ ಯೋಜನೆ ಬರೆಯುವುದನ್ನು ಕಲಿಸುತ್ತಾರೆ. ವಿಷಯ, ಉದ್ದೇಶ, ಉಪಕರಣ, ಎಲ್ಲಕ್ಕೂ ಮೊದಲು ಮೇಲ್ಗಡೆಯ ಸಾಲಿನಲ್ಲಿ ತರಗತಿ ಯಾವುದೆಂದು ಬರೆಯಬೇಕು. ಆರನೆಯ ಇಯತ್ತೆಗೋ ಹತ್ತನೆಯದಕ್ಕೋ ಗೊತ್ತಿಲ್ಲದೆ ಬರೆದ ಪಾಠವನ್ನು ನಮ್ಮ ಮೇಷ್ಟ್ರು ಓದದೆಯೇ ವಾಪಸು ಕೊಡುತ್ತಿದ್ದರು. ಒಂದು ಟೆಲಿವಿಷನ್ ನಿಲಯವನ್ನು ಅಳೆಯಲು ನನ್ನ ಬಳಿ ಇರುವುದು ಇದೇ ಅಳತೆಗೋಲು. ಎದುರಿಗೆ ಯಾರು ಕೂತಿದ್ದಾರೆಂದು ಅದು ತಿಳಿದಿದೆ? ಯಾರಿಗಾಗಿ ಮಾತನಾಡುತ್ತಿದೆ? ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಕನ್ನಡ ದೂರದರ್ಶನದ ಕತೆ ನಾವು ಸಾಮಾನ್ಯವಾಗಿ ಹೇಳಿಕೊಳ್ಳುವ ಕತೆಗಿಂತ ಬೇರೆಯಾಗಿಯೇ ಕಾಣುತ್ತದೆ. ಮೊಟ್ಟಮೊದಲಿಗೆ, ಅದು ಬೆಂಗಳೂರಿನಲ್ಲಿ ಶುರುವಾಗುವುದೇ ಇಲ್ಲ.

ಕನ್ನಡ ಮಾತನಾಡುವ ಟೀವಿ ಮೊದಲು ಬಂದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ರಾಜಧಾನಿಯಲ್ಲಿ ದೂರದರ್ಶನ ಶುರುವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಂದು, ಸೈಟ್ ಎಂದು ಹೆಸರಾದ ಪ್ರಯೋಗ ಆರಂಭವಾಯಿತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ನಮ್ಮ ಇಸ್ರೋ ಮತ್ತು ದೂರದರ್ಶನದವರು ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದರು. ರಾಜಸ್ಥಾನ, ಬಿಹಾರ, ಮಧ್ಯಪ್ರದೇಶ, ಒರಿಸ್ಸಾ, ಆಂಧ್ರ ಮತ್ತು ಕರ್ನಾಟಕ. ಆರಿಸಿಕೊಂಡದ್ದು ಹಿಂದುಳಿದ ಜಿಲ್ಲೆಗಳನ್ನೇ. ಯಂತ್ರ ದೊಡ್ಡ ಊರುಗಳನ್ನು ಹಾದು, ಕಟ್ಟಕಡೆಗೆ ಹಳ್ಳಿಗೆ ತಲಪುವುದು ನಮ್ಮ ದೇಶದ ವಾಡಿಕೆ. ವಿದ್ಯುತ್ತು, ದೂರವಾಣಿ, ಬಸ್ಸು, ಎಲ್ಲವೂ ಹೀಗೆಯೇ ಬಂದವು. ಟೀವಿ ಮಾತ್ರ ಆ ಒಂದು ವರ್ಷ ಈ ವಾಡಿಕೆಯನ್ನು ತಲೆಕೆಳಗು ಮಾಡಿತ್ತು.

ನಾನು ಕೆಲಸಕ್ಕೆ ಸೇರಿದ ಮೊದಲ ಊರು ರಾಯಚೂರು ಜಿಲ್ಲೆಯಲ್ಲಿತ್ತು. ಅಲ್ಲಿನ ಹಿರಿಯರು ಆ ಟೀವಿಯನ್ನು ಇನ್ನೂ ನೆನಪಿಟ್ಟುಕೊಂಡಿದ್ದರು. ಅವರ ನೆನಪಿನಲ್ಲಿ ಉಳಿದದ್ದು ಪೆಟ್ಟಿಗೆಗಿಂತ ಹೆಚ್ಚಾಗಿ ಹೊರಗಿನ ಛತ್ರಿ. ಕೋಳಿಗೂಡಿನ ಜಾಲರಿಯಂಥ ತಂತಿಯಿಂದ ಮಾಡಿದ, ಹತ್ತು ಅಡಿ ಅಗಲದ ಆ ಆಂಟೆನಾವನ್ನು ಅವರು ‘ತಂತಿ ಬುಟ್ಟಿ’ ಎನ್ನುತ್ತಿದ್ದರು. ಅಗ್ಗದ ಸಾಮಾನಿನಿಂದ, ಹಳ್ಳಿಯ ಗಾಳಿಮಳೆಗೆಂದೇ ಇಲ್ಲಿನ ಎಂಜಿನಿಯರರು ರೂಪಿಸಿದ್ದ ವಸ್ತು ಅದು. ಮುಂದೆ ನಮ್ಮ ಮನೆಮನೆಯ ಮೇಲೆ ಕೂತ ಡಿಶ್ಶಿಗೆ ಅದು ಅಜ್ಜ ಎನ್ನಬೇಕು.

ದಿನಕ್ಕೆ ಒಟ್ಟು ನಾಲ್ಕು ಗಂಟೆಯ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿನವರಿಗೆ. ಬೆಳಗಿನ ಒಂದೂವರೆ ಗಂಟೆಯನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ, ಈ ನಾಲ್ಕು ಭಾಷೆಗೆ ಹಂಚಿದರೆ ಒಂದೊಂದಕ್ಕೆ ಇಪ್ಪತ್ತೆರಡೂವರೆ ನಿಮಿಷ ಬರುತ್ತಿತ್ತು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅಷ್ಟು ಸಾಕು; ಅದಕ್ಕಿಂತ ಹೆಚ್ಚು ಹೊತ್ತು ಅವರು ಒಂದೇ ಕಡೆ ನೋಡುವುದಿಲ್ಲ. ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಆಟಪಾಟ. ತಮಾಷೆಯೆಂದರೆ, ಕನ್ನಡದ ಈ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ತೆಲುಗಿನವೂ ಅಲ್ಲಿಯೇ. ಹೀಗಾಗಿ ಕನ್ನಡ ಟೆಲಿವಿಷನ್ನಿನ ತವರುಮನೆ ಯಾವುದೆಂದು ಕೇಳಿದರೆ, ನಿಜಾಮರ ಹಳೆಯ ರಾಜಧಾನಿಯನ್ನು ತೋರಿಸಬೇಕಾಗುತ್ತದೆ. ಗುಲಬರ್ಗಾ ರಾಯಚೂರುಗಳವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ, 1956ರ ತನಕ ಅವರ ಆಡಳಿತವೆಲ್ಲ ಅಲ್ಲಿಂದಲೇ ನಡೆದದ್ದು.

ಈ ಪ್ರಯೋಗವನ್ನು ನಾನು ಸುಮ್ಮನೆ ಹಾಡಿ ಹೊಗಳಲಾರೆ. ಅದು ಶುರುವಾದದ್ದು ತುರ್ತುಪರಿಸ್ಥಿತಿ ಘೋಷಣೆಯಾದ ಐದು ವಾರಗಳ ಬಳಿಕ. ಪತ್ರಿಕೆಗಳ ಬಾಯಿ ಕಟ್ಟಿದ್ದ ಹೊತ್ತಿನಲ್ಲಿ ಸರ್ಕಾರದ ದನಿ ನೇರವಾಗಿ ಹಳ್ಳಿಯ ಶಾಲೆಯ ಅಂಗಳಕ್ಕೆ ಬಂದು ನಿಂತಿತು. ಕುಟುಂಬ ಯೋಜನೆಯ ಮಾತನ್ನು ಆ ವರ್ಷ ಕೇಳಿಸಿಕೊಂಡವರಿಗೆ ಅದು ಬರೀ ಆರೋಗ್ಯದ ಪಾಠವಾಗಿ ಕೇಳಿಸಿರಲಾರದು. ಆದರೂ ಆ ಪ್ರಯೋಗದ ಒಂದು ಅಂಶ ನನ್ನನ್ನು ಬಿಡದೆ ಕಾಡುತ್ತದೆ. ಮಕ್ಕಳಿಗೆ ಕಳಿಸುವ ಚಿತ್ರಗಳ ಜತೆಗೆ ಪ್ರಾಥಮಿಕ ಶಾಲೆಯ ಸಾವಿರಾರು ಮೇಷ್ಟ್ರುಗಳಿಗೂ ವಿಜ್ಞಾನ ಕಲಿಸುವ ತರಬೇತಿಯನ್ನು ಅದೇ ಪರದೆಯ ಮೂಲಕ ಕೊಟ್ಟರು. ಪೆಟ್ಟಿಗೆಯೊಂದೇ ಕಲಿಸಲಾರದು, ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿರಬೇಕು ಎಂದು ಯೋಜನೆ ಮಾಡಿದವರಿಗೆ ತಿಳಿದಿತ್ತು. ಕಾರ್ಯಕ್ರಮ ತಯಾರಿಸುವ ಮೊದಲು ಹಳ್ಳಿಗೆ ಹೋಗಿ ವಿಚಾರಿಸುವುದು, ಪ್ರಸಾರವಾದ ಮೇಲೆ ಮತ್ತೆ ಹೋಗಿ ಏನು ಅರ್ಥವಾಯಿತೆಂದು ಕೇಳುವುದು, ಇದಕ್ಕೆಂದೇ ಸಮಾಜಶಾಸ್ತ್ರ ಬಲ್ಲವರನ್ನು ನೇಮಿಸಿದ್ದರು. ಪಾಠ ಯೋಜನೆಯ ಮೊದಲ ಸಾಲನ್ನು ಅವರು ಖಾಲಿ ಬಿಟ್ಟಿರಲಿಲ್ಲ.

1976ರ ಜುಲೈ 31ಕ್ಕೆ ಎರವಲಿನ ಉಪಗ್ರಹ ಹೋಯಿತು. ಪೂರ್ತಿ ಕತ್ತಲಾಗಬಾರದೆಂದು 1977ರಲ್ಲಿ ಗುಲಬರ್ಗಾದಲ್ಲಿ ಒಂದು ಟ್ರಾನ್ಸ್‌ಮಿಟರು ಬಂತು. ಬೆಂಗಳೂರಿನವರು ಇನ್ನೂ ಟೀವಿಯನ್ನು ಮದರಾಸಿಗೋ ಮುಂಬಯಿಗೋ ಹೋದಾಗ ನೋಡಿ ಬರುತ್ತಿದ್ದ ಕಾಲದಲ್ಲಿ ಗುಲಬರ್ಗಾದ ಸುತ್ತಿನವರಿಗೆ ಅದು ಹಳೆಯ ಸಂಗತಿಯಾಗಿತ್ತು. ನಮ್ಮ ಭಾಗದ ಬಗ್ಗೆ ಹೀಗೆ ಹೇಳಿಕೊಳ್ಳುವ ಅವಕಾಶ ಹೆಚ್ಚು ಸಿಕ್ಕುವುದಿಲ್ಲವಾದ್ದರಿಂದ ಸ್ವಲ್ಪ ಒತ್ತಿ ಹೇಳುತ್ತಿದ್ದೇನೆ.

1981ರ ನಂತರದ ಕತೆ ಎಲ್ಲರಿಗೂ ಗೊತ್ತಿರುವಂಥದು, ಬೇಗ ಹೇಳಿ ಮುಗಿಸುತ್ತೇನೆ. 1982ರ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಎಲ್ಲ ನಿಲಯಗಳಲ್ಲೂ ಏಕಕಾಲಕ್ಕೆ ಬರತೊಡಗಿತು. ಅದೇ ವರ್ಷ ಏಷ್ಯಾಡ್ ಹೊತ್ತಿಗೆ ಬಣ್ಣ ಬಂತು. ಎರಡು ವರ್ಷದಲ್ಲಿ ಊರೂರಿಗೆ ಸಣ್ಣ ಶಕ್ತಿಯ ಮರುಪ್ರಸಾರ ಕೇಂದ್ರಗಳು ಎದ್ದವು. ಮರುಪ್ರಸಾರ ಎಂಬ ಶಬ್ದವನ್ನು ಗಮನಿಸಬೇಕು. ಹಾಸನದ, ಬಳ್ಳಾರಿಯ ಕಂಬ ಆ ಊರಿನ ಮಾತನ್ನು ಹೊರಗೆ ಕಳಿಸಲು ನಿಂತದ್ದಲ್ಲ, ದೆಹಲಿಯ ಮಾತನ್ನು ಒಳಗೆ ತರಲು ನಿಂತದ್ದು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ನಿಲಯಕ್ಕೂ ದಿನದಲ್ಲಿ ತನ್ನದೆನ್ನುವ ಹೊತ್ತು ಸಂಜೆಯ ಒಂದಿಷ್ಟು ಮಾತ್ರ. ರಾತ್ರಿಯ ಒಳ್ಳೆಯ ಹೊತ್ತೆಲ್ಲ ದೆಹಲಿಯದು. ಅತ್ತೆಯ ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಸೊಸೆಗೆ ಸಿಗುವ ಹೊತ್ತಿನಂತೆ.

ಶಂಕರನಾಗ್ ಆಗುಂಬೆಗೆ ಹೋಗಿ ‘ಮಾಲ್ಗುಡಿ ಡೇಸ್’ ತೆಗೆದದ್ದು ಈ ಕಾಲದಲ್ಲಿ, 1986ರ ಸುಮಾರು. ಮಲೆನಾಡಿನ ಮನೆ, ಮಲೆನಾಡಿನ ಮಳೆ, ನಮ್ಮ ರಂಗಭೂಮಿಯ ನಟರು, ನಮ್ಮ ಮಂಜುನಾಥನೆಂಬ ಹುಡುಗ, ತಂದೆಯ ಪಾತ್ರದಲ್ಲಿ ಗಿರೀಶ ಕಾರ್ನಾಡರು. ಮಾತು ಮಾತ್ರ ಹಿಂದಿ. ಕೃತಿ ಚೆಲುವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕನ್ನಡನಾಡು ದೂರದರ್ಶನಕ್ಕೆ ಕೊಟ್ಟ ಅತ್ಯುತ್ತಮ ವಸ್ತುವಿಗೆ ಕನ್ನಡದಲ್ಲಿ ಮಾತನಾಡುವ ಅವಕಾಶವಿರಲಿಲ್ಲ ಎನ್ನುವುದು ಆ ವ್ಯವಸ್ಥೆಯ ಮೇಲೆ ಬರೆಯಬಹುದಾದ ಅತಿ ಚಿಕ್ಕ ಟೀಕೆ.

ಹೊತ್ತಿನ ಈ ಬರಗಾಲ ಎಂಥ ಅನಾಹುತಕ್ಕೆ ಎಡೆ ಮಾಡಿತೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. 1994ರ ಅಕ್ಟೋಬರ್ 2ರಂದು ಬೆಂಗಳೂರು ನಿಲಯದಿಂದ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾಯಿತು. ವಿಧಾನಸಭೆಯ ಚುನಾವಣೆ ಹತ್ತಿರವಿತ್ತು. ಕನ್ನಡದ ಹೊತ್ತಿನಲ್ಲಿ ಇನ್ನೊಂದು ಭಾಷೆ ಬಂತೆಂದು ಪ್ರತಿಭಟನೆ ಎದ್ದಿತು. ದಿನ ಕಳೆಯುವುದರೊಳಗೆ ಅದು ಭಾಷೆಯ ಜಗಳವಾಗಿ ಉಳಿಯಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾರ್ತೆಯನ್ನು ನಿಲ್ಲಿಸಲಾಯಿತು.

ಗೋಕಾಕ್ ಚಳವಳಿಯ ಕಾಲಕ್ಕೆ ನಾನು ಹೈಸ್ಕೂಲು ಹುಡುಗಿ. ಕನ್ನಡಕ್ಕೆ ಅದರ ನೆಲದಲ್ಲಿ ಮೊದಲ ಸ್ಥಾನ ಬೇಕೆಂಬ ಬೇಡಿಕೆಯಲ್ಲಿ ನ್ಯಾಯವಿದೆ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ನನ್ನ ತರಗತಿಯಲ್ಲಿ ಪ್ರತಿವರ್ಷ ಮನೆಯಲ್ಲಿ ಉರ್ದು ಆಡುವ, ಶಾಲೆಯಲ್ಲಿ ಕನ್ನಡದಲ್ಲಿ ಪ್ರಬಂಧ ಬರೆಯುವ ಮಕ್ಕಳು ಕೂತಿರುತ್ತಾರೆ. ಅವರ ಅಜ್ಜಿ ಒಂದು ಹತ್ತು ನಿಮಿಷ ತನ್ನ ಮಾತಿನಲ್ಲಿ ರಾಜ್ಯದ ಸುದ್ದಿ ಕೇಳಿದರೆ ಕನ್ನಡಕ್ಕೆ ಆಗುವ ನಷ್ಟವೇನು? ರಾತ್ರಿಯ ಅಷ್ಟೂ ಗಂಟೆಗಳನ್ನು ದೆಹಲಿ ತೆಗೆದುಕೊಂಡದ್ದಕ್ಕೆ ಎದ್ದಿರಬೇಕಾಗಿದ್ದ ಸಿಟ್ಟು, ಉಳಿದ ಚೂರಿನಲ್ಲಿ ಹತ್ತು ನಿಮಿಷ ಕೇಳಿದ ನೆರೆಯವನ ಮೇಲೆ ಬಿತ್ತು. ಆಕಾಶವಾಣಿಯಲ್ಲಿ ಎಷ್ಟೋ ಭಾಷೆಗಳು ದಿನದ ಬೇರೆ ಬೇರೆ ಹೊತ್ತಿನಲ್ಲಿ ತಮ್ಮ ಪಾಡಿಗೆ ಬಂದುಹೋಗುತ್ತಿದ್ದವು. ಟೀವಿಯಲ್ಲಿ ಹೊತ್ತಿಗೆ ಬೆಲೆ ಹೆಚ್ಚು, ಕಣ್ಣುಗಳೂ ಹೆಚ್ಚು. ಸಮಯಪಟ್ಟಿ ಬರೆಯುವವರಿಗೆ ಅಂದಿನ ಜನರ ಮನಸ್ಸು ತಿಳಿದಿರಲಿಲ್ಲವೋ, ತಿಳಿದೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೋ, ಎರಡರಲ್ಲಿ ಯಾವುದಾದರೂ ಕ್ಷಮೆಗೆ ಅರ್ಹವಲ್ಲ. ಒಂದು ಸಾರ್ವಜನಿಕ ನಿಲಯದ ಸಮಯಪಟ್ಟಿ ಕಚೇರಿಯ ಕಾಗದವಷ್ಟೇ ಆಗಿರುವುದಿಲ್ಲ ಎಂದು ತಿಳಿಯಲು ಇಷ್ಟು ಜೀವ ಹೋಗಬೇಕಾಗಿತ್ತೆ?

ಅದೇ 1994ರ ಜೂನ್‌ನಲ್ಲಿ ಉದಯ ಟೀವಿ ಬಂದಿತ್ತು. ದೂರದರ್ಶನವೂ ಆ ದಶಕದಲ್ಲಿ ಉಪಗ್ರಹದ ಮೂಲಕ ಪೂರ್ಣ ಕನ್ನಡ ವಾಹಿನಿ ಮಾಡಿತು. ಮೊದಲು ಅದಕ್ಕೆ ಡಿಡಿ-9 ಎಂಬ ಸಂಖ್ಯೆ. ‘ಚಂದನ’ ಎಂಬ ಹೆಸರು ಆಮೇಲಿನದು. ಕೊನೆಗೂ ಹೊತ್ತು ಸಿಕ್ಕಿತು. ಸಿಕ್ಕಾಗ ನೋಡುವವರು ಬೇರೆ ಕಡೆ ತಿರುಗಿದ್ದರು.

ಹಾಗೆಂದು ನಿಲಯ ಏನೂ ಮಾಡಲಿಲ್ಲ ಎನ್ನುವುದು ಅನ್ಯಾಯ. 1990ರ ಸುಮಾರಿಗೆ ಸದಾನಂದ ಸುವರ್ಣರು ಮಾಡಿದ ‘ಗುಡ್ಡದ ಭೂತ’ವನ್ನು ನೋಡಿದವರು ಈಗಲೂ ಮರೆತಿಲ್ಲ. ತುಳುನಾಡಿನ ಗುಡ್ಡ, ಮನೆ, ಭಯ, ಅದರ ಹಾಡು, ಇನ್ನೂ ಪ್ರಕಾಶ್ ರೈ ಎಂದೇ ಕರೆಯಿಸಿಕೊಳ್ಳುತ್ತಿದ್ದ ತರುಣ ನಟ. ರಾಯಚೂರಿನ ಕಡೆಯ ನಮಗೆ ಸಮುದ್ರದ ಕಡೆಯ ಕನ್ನಡಿಗರು ಹೇಗೆ ಬಾಳುತ್ತಾರೆಂದು ಯಾವ ಭೂಗೋಳದ ಪುಸ್ತಕವೂ ಅಷ್ಟು ತಿಳಿಸಿರಲಿಲ್ಲ. ಪ್ರಾದೇಶಿಕ ನಿಲಯವೊಂದು ಮಾಡಬೇಕಾದ ಕೆಲಸ ಇದೇ, ನಾಡಿನ ಒಂದು ಮೂಲೆಯನ್ನು ಇನ್ನೊಂದು ಮೂಲೆಗೆ ತೋರಿಸುವುದು. ಇದರ ತೂಕದ ಎದುರು 1998ರ ‘ಮಾಯಾಮೃಗ’ವನ್ನು ಇಟ್ಟು ನೋಡಬೇಕು. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ ಆ ದೈನಿಕ ಧಾರಾವಾಹಿ ಜನರನ್ನು ಮತ್ತೆ ದೂರದರ್ಶನದ ಮುಂದೆ ಕೂರಿಸಿತು. ಅದರ ಮನುಷ್ಯರು ಯೋಚಿಸುತ್ತಿದ್ದರು, ವಾದಿಸುತ್ತಿದ್ದರು. ಅತ್ತೆ ಸೊಸೆಯರ ವಿಷಪ್ರಯೋಗವಿರಲಿಲ್ಲ. ಆದರೆ ಆ ಯಶಸ್ಸಿನ ಬಳಿಕ ಕನ್ನಡ ಧಾರಾವಾಹಿಯೆಂದರೆ ಬೆಂಗಳೂರಿನ ಮಧ್ಯಮವರ್ಗದ ಹಜಾರ ಎಂಬಂತಾಯಿತು. ಇದು ಸೀತಾರಾಂ ಅವರ ತಪ್ಪಲ್ಲ. ಗೆದ್ದ ಅಚ್ಚನ್ನೇ ಮತ್ತೆ ಮತ್ತೆ ಒತ್ತಿದವರದು.

ನಿಲಯದ ಕನ್ನಡದ ಬಗ್ಗೆ ಎರಡು ಮಾತು ಹೇಳಬೇಕು. ನಿರೂಪಕಿ ಅಪರ್ಣಾ 2024ರ ಜುಲೈನಲ್ಲಿ ತೀರಿಕೊಂಡಾಗ ಪತ್ರಿಕೆಗಳು ಬೆಂಗಳೂರು ಮೆಟ್ರೋದ ದನಿ ಎಂದು ಅವರನ್ನು ನೆನೆದವು. ನಮ್ಮಂಥವರಿಗೆ ಅವರು ದೂರದರ್ಶನದ ದನಿ. ಅಲ್ಪಪ್ರಾಣ ಮಹಾಪ್ರಾಣಗಳು ತಮ್ಮ ತಮ್ಮ ಜಾಗದಲ್ಲಿ, ವಾಕ್ಯದ ಕೊನೆಯ ಕ್ರಿಯಾಪದ ನುಂಗಿಹೋಗದೆ, ಇಂಗ್ಲಿಷಿನ ಊರುಗೋಲಿಲ್ಲದೆ ಹತ್ತು ವಾಕ್ಯ. ಉಚ್ಚಾರಣೆ ತಿದ್ದಬೇಕಾದಾಗ ನಾನು ಹುಡುಗಿಯರಿಗೆ ಅವರನ್ನು ಕೇಳಿರೆಂದು ಹೇಳಿದ್ದುಂಟು. ಖಾಸಗಿ ವಾಹಿನಿಗಳ ಅರ್ಧ ಇಂಗ್ಲಿಷಿನ ಕಿರುಚಾಟ ಬಂದ ಮೇಲೆ ಆ ಶಿಸ್ತಿನ ಬೆಲೆ ಇನ್ನೂ ಹೆಚ್ಚಾಗಿ ಕಂಡಿತು.

ಆದರೆ ಈ ಶುದ್ಧ ಕನ್ನಡ ಯಾರ ಕನ್ನಡ? ಮೈಸೂರು ಬೆಂಗಳೂರುಗಳ ಓದಿದವರ ಕನ್ನಡ. ನಮ್ಮ ಮಾತು ಪರದೆಗೆ ಬಂದದ್ದು ಬಹುಪಾಲು ನಗಿಸುವುದಕ್ಕೆ. ಮನೆಗೆಲಸದವಳು, ಕಾವಲುಗಾರ, ಪೆದ್ದ ನೆಂಟ, ಇವರು ಧಾರವಾಡದ ಅಥವಾ ಕಲಬುರಗಿಯ ಮಾತನಾಡುತ್ತಾರೆ. ವಕೀಲರು, ವೈದ್ಯರು ಆಡುವುದಿಲ್ಲ. ಇದರಲ್ಲಿ ಖಾಸಗಿಯವರ ಪಾಲೇ ದೊಡ್ಡದು, ಆದರೆ ದೂರದರ್ಶನ ಬೇರೆ ದಾರಿ ತೋರಿಸಬಹುದಾಗಿತ್ತು. ಚಂದನದಲ್ಲಿ ಈ ಕಾಯಿಲೆ ಇಲ್ಲದ ಒಂದು ಜಾಗವಿತ್ತು: ಬೇಸಾಯದ ಕಾರ್ಯಕ್ರಮ. ಅಲ್ಲಿ ಹೊಲದ ಬದುವಿನ ಮೇಲೆ ನಿಂತ ರೈತ ತನ್ನದೇ ಮಾತಿನಲ್ಲಿ ಬೆಳೆಯ ಬಗ್ಗೆ ಹೇಳುತ್ತಾನೆ, ಕೃಷಿ ವಿಶ್ವವಿದ್ಯಾಲಯದ ಪಂಡಿತರು ತಲೆದೂಗಿ ಕೇಳುತ್ತಾರೆ. ಪೇಟೆಯವರು ವಾಹಿನಿ ಬದಲಿಸುವ ಆ ಅರ್ಧ ಗಂಟೆಯಲ್ಲೇ ಉತ್ತರ ಕರ್ನಾಟಕದ ಕನ್ನಡವನ್ನು ಗೌರವವಾಗಿ ಕೇಳಿಸಿಕೊಳ್ಳುವವರಿದ್ದರು.

ವಾರ್ತೆಯ ವಿಷಯಕ್ಕೆ ಹೆಚ್ಚು ಜಾಗ ಕೊಡುವ ಮನಸ್ಸಿಲ್ಲ. ಅದು ಕಿರುಚುವುದಿಲ್ಲ, ಅದೊಂದು ಪುಣ್ಯ. ಆದರೆ ಬರ ಬಂದ ಸುದ್ದಿಗಿಂತ ಮೊದಲು ಬರಪರಿಹಾರದ ಸುದ್ದಿ ಹೇಳುವ ಅಭ್ಯಾಸ ಅದಕ್ಕೆ ಬಹಳ ಹಳೆಯದು. ದೂರದರ್ಶನವನ್ನು ಸರ್ಕಾರದ ಹಿಡಿತದಿಂದ ಬಿಡಿಸಲೆಂದು 1990ರಲ್ಲಿ ಪ್ರಸಾರ ಭಾರತಿ ಕಾಯಿದೆ ಆಯಿತು. ಜಾರಿಗೆ ಬರಲು 1997 ಆಯಿತು. ಏಳು ವರ್ಷ ಕಪಾಟಿನಲ್ಲಿದ್ದ ಸ್ವಾತಂತ್ರ್ಯ ಹೊರಬಂದಾಗ ಎಷ್ಟು ಗಟ್ಟಿಯಾಗಿರುತ್ತದೆ? ದುಡ್ಡು ಕೊಡುವ ಕೈ ಬದಲಾಗಲಿಲ್ಲ, ವಾರ್ತೆಯ ಕ್ರಮವೂ ಬದಲಾಗಲಿಲ್ಲ.

ಚಂದನವನ್ನು ನೋಡುವುದಿಲ್ಲ ಎನ್ನುವವರೂ ನೋಡುತ್ತಿದ್ದ ಕಾರ್ಯಕ್ರಮ ‘ಥಟ್ ಅಂತ ಹೇಳಿ’. 2002ರ ಜನವರಿಯಲ್ಲಿ ಶುರುವಾಗಿ 3000 ಕಂತುಗಳನ್ನು ದಾಟಿದ ರಸಪ್ರಶ್ನೆ ಅದು. ನಡೆಸಿಕೊಟ್ಟವರು ವೈದ್ಯರೂ ಲೇಖಕರೂ ಆದ ನಾ. ಸೋಮೇಶ್ವರ. ಎರಡು ವರ್ಷ ಮೊದಲು ಹಿಂದಿಯಲ್ಲಿ ಕೋಟಿ ರೂಪಾಯಿಯ ರಸಪ್ರಶ್ನೆ ಬಂದು ದೇಶವೇ ಬಾಯಿ ಬಿಟ್ಟು ಕೂತಿತ್ತು. ಅಂಥ ಹೊತ್ತಿನಲ್ಲಿ ಇಲ್ಲೊಂದು ನಿಲಯ ಸರಿಯುತ್ತರಕ್ಕೆ ಕನ್ನಡ ಪುಸ್ತಕ ಕೊಡುತ್ತೇನೆಂದಿತು. ಗೆದ್ದವರು ಪುಸ್ತಕದ ಕಟ್ಟು ಎದೆಗವಚಿಕೊಂಡು ನಿಲ್ಲುವ ದೃಶ್ಯ ನನಗೆ ಬಲು ಇಷ್ಟ.

ಶಿಕ್ಷಕಿಯಾಗಿ ನನಗೆ ಆ ಹೆಸರಿನ ಮೇಲೆ ಮಾತ್ರ ತಕರಾರಿದೆ. ಥಟ್ಟನೆ ಹೇಳುವುದು ವಿದ್ಯೆಯ ಗುರುತಲ್ಲ. ತಡವಾಗಿ ಹೇಳುವ, ಮೂರು ಸಲ ಯೋಚಿಸುವ ಹುಡುಗಿಯೇ ಹಲವು ಸಲ ಚೆನ್ನಾಗಿ ಅರ್ಥ ಮಾಡಿಕೊಂಡಿರುತ್ತಾಳೆ. ನಮ್ಮ ಪರೀಕ್ಷೆಗಳು ಆಗಲೇ ಆಕೆಗೆ ಅನ್ಯಾಯ ಮಾಡುತ್ತವೆ, ಟೀವಿಯೂ ಮಾಡಬೇಕೆ? ಆದರೆ ಕಾರ್ಯಕ್ರಮವನ್ನು ನೋಡುತ್ತ ಹೋದಂತೆ ಹೆಸರಿಗೂ ನಡೆಗೂ ಸಂಬಂಧವಿಲ್ಲವೆಂದು ತಿಳಿಯುತ್ತದೆ. ಉತ್ತರ ಥಟ್ಟನೆ ಬಂದರೂ ಸೋಮೇಶ್ವರರು ಅಲ್ಲಿಗೆ ಬಿಡುವುದಿಲ್ಲ. ಆ ಶಬ್ದ ಎಲ್ಲಿಂದ ಬಂತು, ಆ ಕವಿ ಯಾವ ಕಾಲದವನು, ಆ ಕಾಯಿಲೆಗೆ ಕಾರಣವೇನು, ಎಂದು ಒಂದು ನಿಮಿಷ ನಿಧಾನವಾಗಿ ಹೇಳುತ್ತಾರೆ. ತಪ್ಪು ಹೇಳಿದವರನ್ನು ನಗೆಗೀಡು ಮಾಡುವುದಿಲ್ಲ. ಜಾಹೀರಾತಿನವರ ಲೆಕ್ಕದಲ್ಲಿ ಆ ಒಂದು ನಿಮಿಷ ದಂಡ. ಕಾರ್ಯಕ್ರಮದ ಜೀವವೆಲ್ಲ ಇರುವುದು ಅಲ್ಲಿಯೇ, ಅದನ್ನು ಕೊಡಲು ಸಾಧ್ಯವಿದ್ದದ್ದು ಸಾರ್ವಜನಿಕ ನಿಲಯಕ್ಕೆ ಮಾತ್ರ. ಇಲ್ಲಿ ಎದುರಿಗೆ ಕೂತವರು ಯಾರೆಂದು ನಿಲಯಕ್ಕೆ ಗೊತ್ತಿತ್ತು: ಓದುವ ಆಸೆಯಿದ್ದು ಪುಸ್ತಕದಂಗಡಿ ಇಲ್ಲದ ಊರಿನವರು.

ನಂತರ 2020 ಬಂತು. ಮಾರ್ಚಿಯಲ್ಲಿ ಶಾಲೆ ಮುಚ್ಚಿದವು. ಜೂನಿನಲ್ಲಿ ತೆರೆಯಲಿಲ್ಲ. ಶಹರದ ಶಾಲೆಗಳು ಫೋನಿನ ಮೇಲೆ ಪಾಠ ಶುರು ಮಾಡಿದವು. ನಮ್ಮ ಮಕ್ಕಳ ಮನೆಗಳಲ್ಲಿ ಫೋನು ಇದ್ದರೆ ಅದು ಕೂಲಿಗೆ ಹೋಗುವ ಅಪ್ಪನ ಕಿಸೆಯಲ್ಲಿರುತ್ತಿತ್ತು. ಜುಲೈ 20ರಿಂದ ಪ್ರೌಢಶಾಲೆಯ ಮಕ್ಕಳಿಗೆ ಚಂದನದಲ್ಲಿ ಪಾಠ ಆರಂಭವಾಯಿತು, ಮೊದಲು ಸೇತುಬಂಧ, ಆಮೇಲೆ ‘ಸಂವೇದ’. ಮೂವತ್ತು ವರ್ಷ ಯಾರೂ ವಿಚಾರಿಸದಿದ್ದ ವಾಹಿನಿಯ ಸಮಯಪಟ್ಟಿಯನ್ನು ನಾವು ಶಾಲೆಯ ಗೋಡೆಗೆ, ಅಂಗಡಿಯ ಬಾಗಿಲಿಗೆ, ಗುಡಿಯ ಕಂಬಕ್ಕೆ ಅಂಟಿಸಿದೆವು. ಅದೇ ತಿಂಗಳು ಗದಗ ಜಿಲ್ಲೆಯ ಒಬ್ಬ ತಾಯಿ ಮಕ್ಕಳು ಈ ಪಾಠ ನೋಡಲೆಂದು ತಾಳಿ ಅಡವಿಟ್ಟು ಟೀವಿ ಕೊಂಡಳೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಊರಿನವರು, ಮುಂದಾಳುಗಳು ನೆರವಿಗೆ ಬಂದರು, ಎಲ್ಲರೂ ಕಣ್ಣೀರು ಹಾಕಿದರು. ನನಗೆ ಮಾತ್ರ ಬೇರೆಯೇ ಯೋಚನೆ ಬಂತು. ಟೀವಿಯಲ್ಲಿ ಪಾಠ ಬರುವುದಾದರೆ ಅದನ್ನು ನೋಡಲು ಪೆಟ್ಟಿಗೆ ಎಲ್ಲಿಡಬೇಕೆಂಬುದನ್ನು 1975ರಲ್ಲಿ ಯೋಚಿಸಿದ್ದರು. ಊರಿಗೊಂದು ಪೆಟ್ಟಿಗೆ, ಎಲ್ಲರೂ ಹೋಗಬಹುದಾದ ಜಾಗದಲ್ಲಿ. ಸೋಂಕಿನ ಭಯದಲ್ಲಿ ಗುಂಪು ಸೇರಿಸುವಂತಿರಲಿಲ್ಲ, ನಿಜ. ಆದರೆ ನಲವತ್ತೈದು ವರ್ಷಗಳಲ್ಲಿ ಟೀವಿ ಎಲ್ಲರ ಮನೆಗೂ ಬಂದುಬಿಟ್ಟಿದೆ ಎಂದು ನಾವೆಲ್ಲ ನಂಬಿಕೊಂಡದ್ದು ಎಷ್ಟು ಟೊಳ್ಳೆಂದು ಆ ತಾಳಿ ತೋರಿಸಿತು.

ಪಾಠಗಳು ಹೇಗಿದ್ದವು? ಪರದೆಯ ಮೇಲೆ ಬಂದವರು ನಮ್ಮಂಥ ಶಿಕ್ಷಕರೇ. ವಿಷಯ ಬಲ್ಲವರು, ಚಿತ್ರ ನಕ್ಷೆಗಳ ನೆರವೂ ಇತ್ತು. ಪ್ರಯೋಗಾಲಯವಿಲ್ಲದ ಶಾಲೆಯ ಮಕ್ಕಳಿಗೆ ವಿಜ್ಞಾನದ ಕೆಲವು ಪಾಠಗಳು ನಾನು ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸುವುದಕ್ಕಿಂತ ಚೆನ್ನಾಗಿ ತಲಪಿದವು. ಪರದೆಯ ಪಾಠದ ಸಹಜ ಮಿತಿ ಬೇರೆ. ತರಗತಿಯಲ್ಲಿ ಒಂದು ವಾಕ್ಯ ಹೇಳಿದೊಡನೆ ಮೂರನೆಯ ಬೆಂಚಿನ ಹುಡುಗನ ಹುಬ್ಬು ಗಂಟಾಗುತ್ತದೆ, ನಾನು ನಿಲ್ಲುತ್ತೇನೆ, ಮತ್ತೆ ಹೇಳುತ್ತೇನೆ. ಕ್ಯಾಮೆರಾದ ಹಿಂದೆ ಆ ಹುಬ್ಬು ಇರುವುದಿಲ್ಲ. ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮದಲ್ಲಿ ನಾವು ಓಣಿ ಓಣಿಗೆ ಹೋದೆವು. ಗುಡಿಯ ಕಟ್ಟೆ, ಮಸೀದಿಯ ಮುಂದಿನ ಬಯಲು, ಬೇವಿನ ಮರದ ಕೆಳಗೆ ಎಂಟು ಹತ್ತು ಮಕ್ಕಳನ್ನು ಕೂರಿಸಿಕೊಂಡು ನಿನ್ನೆ ಟೀವಿಯಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ಪಾಠ ಅಲ್ಲಿಂದ ಶುರುವಾಗುತ್ತಿತ್ತು. ಟೀವಿಯಲ್ಲಿ ಅರ್ಧವಾದದ್ದು ಮರದ ಕೆಳಗೆ ಪೂರ್ತಿಯಾಗುತ್ತಿತ್ತು. ಸೈಟ್ ಮಾಡಿದವರು ಮೇಷ್ಟ್ರುಗಳಿಗೂ ತರಬೇತಿ ಕೊಟ್ಟದ್ದು ಏಕೆಂದು ನನಗೆ ಪುಸ್ತಕದಿಂದ ತಿಳಿದಿತ್ತು, ಬೇವಿನ ಮರದ ಕೆಳಗೆ ಕಣ್ಣಾರೆ ಕಂಡೆ. ಅಕ್ಟೋಬರ್‌ನಲ್ಲಿ ಸೋಂಕಿನಿಂದಾಗಿ ವಿದ್ಯಾಗಮವನ್ನು ನಿಲ್ಲಿಸಬೇಕಾಯಿತು. ಆಮೇಲೆ ಪರದೆಯೊಂದೇ ಉಳಿಯಿತು. ಮಕ್ಕಳು ಒಬ್ಬೊಬ್ಬರೇ ಅದರಿಂದ ಎದ್ದುಹೋದರು.

ಶಾಲೆಗಳು ತೆರೆದ ಮೇಲೆ ಎಲ್ಲರೂ ಚಂದನವನ್ನು ಮತ್ತೆ ಮರೆತರು. 2021-22ರಲ್ಲಿ ದೂರದರ್ಶನ ತನ್ನ ಹಳೆಯ ಭೂತಲ ಟ್ರಾನ್ಸ್‌ಮಿಟರುಗಳನ್ನು ಬಹುಮಟ್ಟಿಗೆ ಮುಚ್ಚಿತು. ತಂತ್ರಜ್ಞಾನ ಹಳತಾಗಿದೆ, ಆಂಟೆನಾ ಹಾಕಿ ನೋಡುವವರಿಲ್ಲ ಎಂಬುದು ಕಾರಣ, ಸುಳ್ಳಲ್ಲ. ಒಂದು ಸಲ ತಟ್ಟೆ ಕೊಂಡರೆ ತಿಂಗಳ ಬಾಡಿಗೆಯಿಲ್ಲದೆ ನೋಡುವ ಫ್ರೀ ಡಿಶ್ ಇದೆ, ನಮ್ಮ ಮಕ್ಕಳ ಮನೆಗಳ ಮೇಲೆ ಕಾಣುವುದು ಹೆಚ್ಚಾಗಿ ಅದೇ. ಚಂದನ ಅದರಲ್ಲಿ ಬರುತ್ತದೆ. ಹೀಗಿರುವಾಗ ಕಾಸು ಕೊಟ್ಟು ನೂರು ವಾಹಿನಿ ಕೊಳ್ಳುವ ಪೇಟೆಯ ವೀಕ್ಷಕನ ಬೆನ್ನು ಹತ್ತಿ ಖಾಸಗಿಯವರಂತೆ ಕಾಣಲು ಹವಣಿಸುವುದರಲ್ಲಿ ಚಂದನಕ್ಕೆ ಲಾಭವಿಲ್ಲ. ಬಣ್ಣದ ಪರದೆ, ಹೊಸ ಕುರ್ಚಿ ಬಂದರೆ ಬೇಡವೆನ್ನುವುದಿಲ್ಲ. ಆದರೆ ಬಾಡಿಗೆ ಕೊಡಲಾರದವರ ಮನೆಯಲ್ಲಿ ತಾನಿದ್ದೇನೆ ಎಂಬುದನ್ನು ಅದು ಸಮಯಪಟ್ಟಿಯ ನೆತ್ತಿಯಲ್ಲಿ ಬರೆದುಕೊಳ್ಳಲಿ.

ಸಂವೇದದ ಪಾಠಗಳು ಯೂಟ್ಯೂಬಿನಲ್ಲಿವೆ. ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗಿಯರು ಪರೀಕ್ಷೆಯ ಹೊತ್ತಿಗೆ ಅಣ್ಣನ ಫೋನು ಕೇಳಿಕೊಂಡು ಗಣಿತದ್ದನ್ನು ನೋಡುತ್ತಾರೆ. ಮಾರನೆಯ ದಿನ ಬಂದು, ಟೀಚರ್, ಅವರು ಮೂರನೇ ಹಂತ ಬಿಟ್ಟು ನಾಲ್ಕಕ್ಕ ಹೋದ್ರು, ಅದು ಹೆಂಗ ಬಂತು ಹೇಳ್ರಿ ಅನ್ನುತ್ತಾರೆ. ನಾನು ಹಲಗೆಯ ಮೇಲೆ ಮೂರನೆಯ ಹಂತವನ್ನು ಬರೆದು ತೋರಿಸುತ್ತೇನೆ.